ಮಾವನ ದವಡೆಗೆ ನಾನು ಕೊಟ್ಟ ಹಲ್ಲು

ರಾಯಚೂರಿನ ಗಂಜ್ ಹಿಂದಿನ ಓಣಿಯಲ್ಲಿ ಕೆಳಗೆ ಗೊಬ್ಬರದಂಗಡಿ, ಮೇಲೆ ಟೈಲರ್ ಅಂಗಡಿ ಇರುವ ಕಟ್ಟಡದ ನಡುವಿನ ಮಹಡಿಯಲ್ಲಿ ಕೂತು ನಾನು ಹಲ್ಲು ಮಾಡುತ್ತೇನೆ. ಕೀಳುವುದಿಲ್ಲ, ಹುಳುಕು ತುಂಬುವುದಿಲ್ಲ, ಮಾಡುತ್ತೇನೆ ಅಷ್ಟೇ. ಈ ವ್ಯತ್ಯಾಸವನ್ನು ನನ್ನ ಹೆಂಡತಿಯ ತವರಿನವರಿಗೆ ಮದುವೆಯಾದಾಗಿನಿಂದ ವಿವರಿಸುತ್ತಲೇ ಇದ್ದೇನೆ. ಈಗಲೂ ಯಾವುದಾದರೂ ಸಮಾರಂಭಕ್ಕೆ ಹೋದರೆ ಊಟದ ಸಾಲಿನಲ್ಲಿ ಒಬ್ಬರಾದರೂ ನನ್ನೆದುರು ತುತ್ತಿನ ಸಮೇತ ಬಾಯಿ ತೆರೆದು, "ಇಲ್ಲಿ ನೋಡ್ರಿ, ತಣ್ಣಂದು ಕುಡದ್ರ ಜುಂ ಅಂತದ" ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದರೆ, "ಮತ್ತ ಹಲ್ಲಿನ ಬೋರ್ಡ್ ಯಾಕ ಹಾಕೀರಿ?" ಎಂದು ಸಿಟ್ಟಾಗುತ್ತಾರೆ.

ಊರಿನ ಡಾಕ್ಟರುಗಳು, ದೇವದುರ್ಗ, ಮಾನ್ವಿಯ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ನನಗೆ ಕಳಿಸುತ್ತಾರೆ. ಮೊದಲೆಲ್ಲ ಆ ಅಚ್ಚು ಸಿಹಿತಿಂಡಿಯ ಡಬ್ಬಿಯಲ್ಲಿ ಕೂತು ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿತ್ತು. ಒಮ್ಮೆ ಗಬ್ಬೂರಿನಲ್ಲಿ ಇಳಿದವರೊಬ್ಬರು ಅದನ್ನು ತಮ್ಮ ಪೇಡೆಯ ಡಬ್ಬಿಯೆಂದು ಎತ್ತಿಕೊಂಡು ಹೋಗಿ, ಮನೆಮಂದಿಯೆದುರು ಮುಚ್ಚಳ ತೆಗೆದಿದ್ದರಂತೆ. ಮರುದಿನ ಅದೇ ಬಸ್ಸಿಗೆ ವಾಪಸು ಕೊಟ್ಟರು. ಅವರ ಪೇಡೆ ಏನಾಯಿತೆಂದು ಕಂಡಕ್ಟರನನ್ನು ಕೇಳಿದರೆ ಅವನು ಟಿಕೆಟ್ ಹರಿಯುತ್ತ ಬೇರೆ ಕಡೆ ನೋಡಿದ.

ಈಗ ಆ ಗದ್ದಲವಿಲ್ಲ. ಡಾಕ್ಟರು ಬಾಯಿಯೊಳಗೆ ಸಣ್ಣ ಕ್ಯಾಮೆರಾದಂಥದ್ದನ್ನು ಆಡಿಸಿದರೆ ಹಲ್ಲಿನ ಆಕಾರ ನೇರ ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ನಾನು ಪರದೆಯ ಮೇಲೆ ಹೊಸ ಹಲ್ಲು ಬಿಡಿಸಿ ಯಂತ್ರಕ್ಕೆ ಒಪ್ಪಿಸುತ್ತೇನೆ. ನನ್ನ ಹತ್ತಿರ ಯಂತ್ರ ಎರಡಿವೆ. ಒಂದು ಕೊರೆಯುತ್ತದೆ: ಸಣ್ಣ ತಟ್ಟೆಯಷ್ಟು ಅಗಲದ, ಸೀಮೆಸುಣ್ಣದಂತಿರುವ ಜಿರ್ಕೋನಿಯಾ ಬಿಲ್ಲೆಯೊಳಗಿಂದ ಹಲ್ಲನ್ನು ಕೆತ್ತಿ ತೆಗೆಯುತ್ತದೆ. ಹಾಗೆ ಕೆತ್ತಿದ್ದನ್ನು ಭಟ್ಟಿಯಲ್ಲಿ ಇಡೀ ದಿನ ಸುಡಬೇಕು. ಸುಟ್ಟಂತೆ ಅದು ಐದರಲ್ಲೊಂದು ಪಾಲು ಕುಗ್ಗಿ ಕಲ್ಲಿನಂತಾಗುತ್ತದೆ, ಅದಕ್ಕೇ ಮೊದಲು ದೊಡ್ಡದಾಗಿ ಕೆತ್ತಬೇಕು. ಇನ್ನೊಂದು ಯಂತ್ರ ಮುದ್ರಿಸುತ್ತದೆ: ಅಂಟಂಟಾದ ರೆಸಿನ್ ಎಂಬ ದ್ರವದ ಮೇಲೆ ಬೆಳಕು ಬಿಟ್ಟು, ಪದರದ ಮೇಲೆ ಪದರ ಗಟ್ಟಿ ಮಾಡುತ್ತ ಹಲ್ಲನ್ನು ಎಬ್ಬಿಸುತ್ತದೆ. ಅದಕ್ಕೆ ಅರ್ಧ ಗಂಟೆ ಸಾಕು. ಓದುವವರಿಗೆ ಇಷ್ಟು ತಿಳಿದಿದ್ದರೆ ಸಾಲುತ್ತದೆ. ನಮ್ಮ ಕೆಲವು ಡಾಕ್ಟರುಗಳು ಇಷ್ಟೂ ತಿಳಿಯದೆ ವರ್ಷಗಟ್ಟಲೆ ಆರಾಮಾಗಿದ್ದಾರೆ.

ಯಾವ ಬಾಯಿಗೆ ಯಾವ ವಸ್ತು ಎಂಬುದೇ ಈ ಕಸುಬಿನ ತಲೆನೋವು. ಅದನ್ನು ನಮ್ಮ ಕಡೆ ನಿರ್ಧರಿಸುವ ರೀತಿಯನ್ನು ಕಂಡರೆ ಯಾವ ಪುಸ್ತಕವನ್ನೂ ಓದಬೇಕೆನಿಸುವುದಿಲ್ಲ. ದೇವದುರ್ಗದ ನನ್ನ ಡಾಕ್ಟರು ರೋಗಿಯ ಬಾಯಿ ನೋಡುವ ಮೊದಲು ಕಿಟಕಿಯಿಂದ ಹೊರಗೆ ನೋಡುತ್ತಾರೆ, ಯಾವ ಗಾಡಿಯಲ್ಲಿ ಬಂದಿದ್ದಾನೆ ಎಂದು. ಕಾರು ಇದ್ದರೆ ಒಂದು ವಸ್ತು, ಬೈಕಾದರೆ ಒಂದು, ಬಸ್ಸಿನಿಂದ ಇಳಿದು ನಡೆದು ಬಂದಿದ್ದರೆ ಇನ್ನೊಂದು. ನನಗೆ ಬರುವ ಚೀಟಿಯಲ್ಲಿ ಎರಡೇ ಶಬ್ದ ಇರುತ್ತವೆ: "ಬೆಸ್ಟ್. ಅರ್ಜೆಂಟ್." ಬೆಸ್ಟ್ ಎಂದರೆ ಯಾವುದು ಸಾರ್ ಎಂದು ಫೋನ್ ಮಾಡಿದರೆ, "ನೀವ ನೋಡ್ಕೊಂಡು ಹಾಕ್ರಿ, ನಿಮಗ ಗೊತ್ತಿಲ್ಲದ್ದೇನದ" ಎಂದು ಹೊಗಳಿ ಇಟ್ಟುಬಿಡುತ್ತಾರೆ. ಆ ಹೊಗಳಿಕೆಯಿಂದ ನಾನು ಪ್ರತಿ ಸಲ ಉಬ್ಬುತ್ತೇನೆ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ರೋಗಿಗಳು ಇನ್ನೂ ಜಾಣರು. ಅವರಿಗೆ ಹಲ್ಲಿಗಿಂತ ಗ್ಯಾರಂಟಿ ಕಾರ್ಡು ಮುಖ್ಯ. ಗೂಗಲ್ ಎಂಬ ಹಳ್ಳಿಯ ಹಿರಿಯರೊಬ್ಬರು, ಎಂಬತ್ತು ದಾಟಿದವರು, ಹತ್ತು ವರ್ಷದ ಕಾರ್ಡು ಬೇಡ, ಹದಿನೈದರದೇ ಬೇಕು ಎಂದು ಡಾಕ್ಟರ ಮುಂದೆ ಪಟ್ಟು ಹಿಡಿದು ಕೂತಿದ್ದರು. ಹದಿನೈದು ವರ್ಷದ ಮೇಲೆ ಆ ಕಾರ್ಡನ್ನು ಯಾರು ಹಿಡಿದುಕೊಂಡು ಬರುತ್ತಾರೆ ಎಂದು ಡಾಕ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನು ಬಣ್ಣದ ವಿಷಯ. ನಮ್ಮ ಕಡೆಯ ಬೋರ್‌ವೆಲ್ ನೀರು ಹಲ್ಲಿಗೆ ಕಂದು ಪಟ್ಟೆ ಎಳೆಯುತ್ತದೆ. ಹೊಸ ಹಲ್ಲಿನಲ್ಲೂ ಆ ಪಟ್ಟೆ ಬರೆದರೆ ಅಕ್ಕಪಕ್ಕದವುಗಳ ಜೊತೆ ಕೂಡಿಕೊಳ್ಳುತ್ತದೆ, ಅದನ್ನು ಬರೆಯುವುದಕ್ಕೆ ನನಗೆ ಒಳ್ಳೆಯ ಕೈಯೂ ಇದೆ. ಆದರೆ ಬಣ್ಣದ ಪಟ್ಟಿ ಮುಂದಿಟ್ಟರೆ ಎಲ್ಲರೂ ತಪ್ಪದೆ ಬೆರಳಿಡುವುದು ಮೊಟ್ಟಮೊದಲಿನ ಬಿಳಿಯ ಮೇಲೆ. ಒಬ್ಬ ಮದುಮಗಳ ಫೋಟೋದಲ್ಲಿ ನಾನು ಮಾಡಿದ ಹಲ್ಲು ಮೊದಲು ಕಾಣುತ್ತದೆ, ಆಮೇಲೆ ಅವಳು, ಅದಾದ ಮೇಲೆ ಗಂಡ.

ಇಷ್ಟೆಲ್ಲ ಆಡಿಕೊಳ್ಳುವ ನಾನು ಎಂಥ ಶಾಣ್ಯಾ ಎಂಬುದನ್ನು ಈಗ ಹೇಳಬೇಕು. ಮುದ್ರಿಸುವ ಯಂತ್ರ ತೆಗೆದುಕೊಂಡ ಹೊಸತರಲ್ಲಿ ಹೈದರಾಬಾದಿನಿಂದ ಕಂಪನಿಯ ಮನುಷ್ಯನೊಬ್ಬ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ರೆಸಿನ್ ಬಾಟಲಿ. ಅದುವರೆಗೆ ನಾನು ಮುದ್ರಿಸಿದ ಹಲ್ಲನ್ನು ಎರಡು ಮೂರು ವಾರದ ಮಟ್ಟಿಗೆ, ನಿಜವಾದ ಹಲ್ಲು ತಯಾರಾಗುವ ತನಕ ಮಾತ್ರ ಕೊಡುತ್ತಿದ್ದೆ. ಆ ಕೆಲಸಕ್ಕೆ ಅದು ಬಹಳ ಒಳ್ಳೆಯದು, ರೆಸಿನ್ ಮೇಲೆ ನನಗೇನೂ ಸಿಟ್ಟಿಲ್ಲ. ಈತ ಬಾಟಲಿಯನ್ನು ಮೇಜಿನ ಮೇಲಿಟ್ಟು, "ಇದು ಕಾಯಂ ಸಾರ್. ಇನ್ನು ಭಟ್ಟಿ ಆರಿಸಿಬಿಡಿ" ಎಂದ.

"ಕಾಯಂ ಅಂದ್ರ ಎಷ್ಟು ದಿನ?" ಎಂದೆ.

"ಅದು ಪೇಶೆಂಟ್ ಮೇಲೆ ಹೋಗುತ್ತೆ ಸಾರ್."

ಪೇಶೆಂಟ್ ಮೇಲೆ ಹೋಗುವ ಕಾಯಂ ಎಂಥ ಕಾಯಮ್ಮೋ ಎಂದು ನಾನು ನಕ್ಕೆ. ನಕ್ಕು, ಚಹಾ ತರಿಸಿ, ಎರಡು ಬಾಟಲಿ ತೆಗೆದುಕೊಂಡೆ.

ಇಲ್ಲಿ ನನ್ನ ಸೋದರಮಾವನ ಬಗ್ಗೆ ಹೇಳಬೇಕು. ಅವ್ವನ ತಮ್ಮ, ಮಾನ್ವಿಯಲ್ಲಿದ್ದಾರೆ. ಅಲ್ಲಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷದಿಂದ ಅವರ ಕೆಲಸವೆಂದರೆ ಭತ್ತ ಕಚ್ಚುವುದು. ರೈತರು ತಂದ ಚೀಲದೊಳಗೆ ಕೈಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ, ಅಂಗೈಯಲ್ಲಿ ತಿಕ್ಕುತ್ತಾರೆ, ಹೊಟ್ಟು ಊದುತ್ತಾರೆ, ಎರಡು ಕಾಳು ಬಲದವಡೆಗೆ ಕೊಟ್ಟು ಕಣ್ಣು ಮುಚ್ಚಿ ಕಚ್ಚುತ್ತಾರೆ. ಕಾಳು ಕಟ್ಟೆಂದು ಮುರಿದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ. ಹಸಿಯಿದ್ದರೆ ಚೀಲಕ್ಕೆ ಇಷ್ಟು ತೂಕ ಕಡಿತ, ಒಣಗಿದ್ದರೆ ಪೂರಾ ತೂಕ. ಈ ಕೆಲಸಕ್ಕೆ ಅವರ ಬಾಯಲ್ಲಿ ಬಲಗಡೆಯೊಂದೇ ಉಳಿದಿತ್ತು. ಎಡಗಡೆಯ ಮೇಲಿನ ಹಲ್ಲುಗಳು ಎಂದೋ ಹೋಗಿದ್ದವು.

ಅವರು ಕಣ್ಣು ಬಿಟ್ಟು ಹೇಳಿದ್ದೇ ಕೊನೆ. ಮಿಲ್ಲಿನ ಸಾಹುಕಾರರಿಗಾಗಿ ಸುಳ್ಳು ಹೇಳಿದವರಲ್ಲ, ಬೀಗರ ಭತ್ತ ಬಂದರೂ ಹಸಿಯನ್ನು ಹಸಿ ಎಂದವರು. ಅದಕ್ಕೇ ದಾರಿಯಲ್ಲಿ ನಾಲ್ಕು ಮಿಲ್ಲು ದಾಟಿಕೊಂಡು ದೇವದುರ್ಗ ತಾಲ್ಲೂಕಿನ ರೈತರು ಮಾನ್ವಿಯ ಈ ಮಿಲ್ಲಿಗೇ ಟ್ರ್ಯಾಕ್ಟರ್ ತರುತ್ತಿದ್ದರು. ಸಾಹುಕಾರರ ಮಗ ಓದು ಮುಗಿಸಿ ಬಂದ ಮೇಲೆ ತೇವ ನೋಡುವ ಒಂದು ಯಂತ್ರ ತಂದಿಟ್ಟಿದ್ದ. ಅದು ಡಬ್ಬಿಯೊಳಗೇ ಇತ್ತು. ಮಾವ ಇರುವಾಗ ಅದನ್ನು ಹೊರಗೆ ತೆಗೆಯುವ ಧೈರ್ಯ ಅವನಿಗೂ ಇರಲಿಲ್ಲ.

ಇಂಥ ಮನುಷ್ಯನಿಗೆ ನನ್ನ ಕಸುಬೆಂದರೆ ತಮಾಷೆ. "ದೇವರು ಕೊಟ್ಟಿದ್ದು ಉಳಿಸ್ಕೊಳ್ಳಾಕ ಬರಲಾರದ ಮಂದಿಗೆ ನೀ ಗೊಂಬಿ ಮಾಡಿ ಕೊಡ್ತಿ" ಎನ್ನುತ್ತಿದ್ದರು. ನನ್ನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನವರು ಹುಡುಗ ಏನು ಮಾಡುತ್ತಾನೆ ಎಂದು ಕೇಳಿದಾಗ, "ಹಲ್ಲಿನ ಗೊಂಬಿ" ಎಂದು ಹೇಳಿದವರೂ ಇವರೇ. ನಾನು ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು.

ಹೋದ ಮುಂಗಾರು ಬೆಳೆ ಮಿಲ್ಲಿಗೆ ಬರುವ ಹೊತ್ತಿಗೆ ಭತ್ತದೊಳಗಿನ ಕಲ್ಲೊಂದು ಸಿಕ್ಕು ಮಾವನ ಬಲಗಡೆಯ ಕೆಳದವಡೆಯ ಹಲ್ಲು ಸೀಳಿತು. ಮಾನ್ವಿಯ ಡಾಕ್ಟರಮ್ಮ ಬೇರಿನ ಚಿಕಿತ್ಸೆ ಮಾಡಿ, ಹಲ್ಲಿನ ಮೇಲೆ ಹೊದಿಸುವ ಟೋಪಿಗೆ ನನಗೆ ಚೀಟಿ ಕಳಿಸಿದರು. ನನಗೆ ಬರುವ ಚೀಟಿಗಳಲ್ಲಿ ಆಕೆಯದೊಂದೇ ಓದುವಂತಿರುತ್ತದೆ. "ಜಿರ್ಕೋನಿಯಾ. ಬಹಳ ಗಟ್ಟಿ ಕಚ್ಚುತ್ತಾರೆ, ಗಮನವಿರಲಿ" ಎಂದು ಬರೆದಿದ್ದರು.

ಗಮನ ಇತ್ತು. ಆದರೆ ಅದು ಬೇರೆ ಕಡೆ ಇತ್ತು. ಮಾವ ಅದೇ ವಾರ ರಾಯಚೂರಿಗೆ ಬರುವವರಿದ್ದರು. ಭಟ್ಟಿಯಲ್ಲಿ ಹಲ್ಲು ಇಟ್ಟು, ನಾಳೆ ಬರ್ರಿ ಎಂದರೆ ಅದರಲ್ಲೇನು ಬೆರಗಿದೆ? ಚಹಾ ಕುಡಿದು ಮುಗಿಸುವುದರೊಳಗೆ ಅವರ ಕಣ್ಣೆದುರು ದ್ರವದೊಳಗಿಂದ ಅವರದೇ ಹಲ್ಲು ಎದ್ದು ಬಂದರೆ ಈ ಮನುಷ್ಯ ಮತ್ತೆಂದೂ ಗೊಂಬೆ ಎನ್ನುವುದಿಲ್ಲ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ದವಡೆಯ ಹಲ್ಲಿಗೆ, ಅದರಲ್ಲೂ ದಿನಕ್ಕೆ ನೂರು ಸಲ ಕಾಳು ಕಚ್ಚುವ ದವಡೆಗೆ, ಆ ವಸ್ತು ತಾಳುವುದಿಲ್ಲ ಎಂದು ಹದಿನೆಂಟು ವರ್ಷ ಕಸುಬು ಮಾಡಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. "ಕಾಯಂ" ಎಂದು ಬಾಟಲಿಯ ಮೇಲೆ ಬರೆದಿತ್ತಲ್ಲ, ನನಗೆ ಅಷ್ಟು ನೆವ ಸಾಕಾಯಿತು.

ಮಾವ ಯಂತ್ರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಹಲ್ಲು ದ್ರವದಿಂದ ತಲೆಕೆಳಗಾಗಿ ಮೇಲೇಳುವುದನ್ನು ಬಾಯಿ ತೆರೆದು ನೋಡಿದರು. ನಾನು ಅದನ್ನು ತೊಳೆದು, ಬೆಳಕಿನ ಪೆಟ್ಟಿಗೆಯಲ್ಲಿ ಗಟ್ಟಿ ಮಾಡಿ, ಬಣ್ಣ ಬರೆದು ಅವರ ಅಂಗೈಯಲ್ಲಿಟ್ಟೆ.

"ಭಾರಿ ಅದ ಬಿಡಲೇ ಅಳಿಯಾ" ಎಂದರು. "ದ್ವಾಸಿ ಹಾಕಿದಂಗ ಹಾಕಿದಿ."

ಹದಿನೆಂಟು ವರ್ಷ ಕಾದ ಮಾತು ಅದು. ದೋಸೆಗೆ ಹೋಲಿಸಿದ್ದನ್ನೂ ನಾನು ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡೆ. ಆ ವಿಡಿಯೋವನ್ನು ಫೋನಿನ ಸ್ಟೇಟಸ್ಸಿಗೆ ಏರಿಸಿದೆ. ದೇವದುರ್ಗದ ಡಾಕ್ಟರು ತಕ್ಷಣ ಚಪ್ಪಾಳೆ ಕಳಿಸಿ, ತಮಗೂ ಅಂಥವು ಆರು ಬೇಕೆಂದರು, ಯಾವ ಹಲ್ಲಿಗೆ ಎಂದು ಮಾತ್ರ ಬರೆಯಲಿಲ್ಲ. ಮಾನ್ವಿಯ ಡಾಕ್ಟರಮ್ಮ ಮಾವನ ಬಾಯಿಗೆ ಟೋಪಿ ಕೂರಿಸುವ ಮೊದಲು ಫೋನ್ ಮಾಡಿ, "ಇದು ಜಿರ್ಕೋನಿಯಾ ಅನಸವಲ್ದಲ್ಲ?" ಎಂದು ಕೇಳಿದರು.

"ಅದಕ್ಕಿಂತ ಹೊಸಾದು ಬಂದದ್ರೀ ಮೇಡಂ. ಕಾಯಂ ಅದ" ಎಂದೆ. ಆಕೆ ನನ್ನನ್ನು ನಂಬಿದರು.

ಎರಡು ತಿಂಗಳ ಮೇಲೆ ಅವ್ವ ಫೋನ್ ಮಾಡಿದಳು. "ನಿಮ್ಮ ಮಾವ ಮಿಲ್ಲಿಗೆ ಹೋಗೋದು ಬಿಟ್ಟಾನ. ಯಾಕ ಅಂದ್ರ ಬಾಯಿ ಬಿಡವಲ್ಲ. ನೀ ಒಮ್ಮಿ ಹೋಗಿ ಬಾ." ಮರುದಿನವೇ ಮಾನ್ವಿಗೆ ಹೋದೆ.

ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಗಡ್ಡ ಬೋಳಿಸಿರಲಿಲ್ಲ. ನಡೆದದ್ದನ್ನು ಅತ್ತೆ ಹೇಳಿದರು. ಗಬ್ಬೂರಿನ ಹೆಣ್ಣುಮಗಳೊಬ್ಬಳು, ತಾನೇ ಟ್ರ್ಯಾಕ್ಟರ್ ಹೊಡೆದುಕೊಂಡು ಬರುವ ಗಟ್ಟಿಗಿತ್ತಿ, ಭತ್ತ ತಂದಿದ್ದಳು. ಮಾವ ಕಚ್ಚಿ "ಹಸಿ ಅದ" ಎಂದರು. ಐದು ದಿನ ಬಿಸಿಲಿಗೆ ಹರವಿ, ಕಾಲಿಂದ ಸರಿಸಿ ಒಣಗಿಸಿದ್ದೇನೆ, ಇನ್ನೊಮ್ಮೆ ಕಚ್ಚಿ ನೋಡ್ರಿ ಎಂದಳು ಆಕೆ. ಮಾವ ಇನ್ನೊಮ್ಮೆ ಕಚ್ಚಿ ಮತ್ತೆ ಹಸಿ ಎಂದರು. "ಮಿಷಿನ್ ತರ್ರಿ" ಎಂದಳು. ಮಿಲ್ಲಿನೊಳಗೆ ಯಾರೂ ಎಂದೂ ಆಡದ ಮಾತು ಅದು. ಸಾಹುಕಾರರ ಮಗ ಡಬ್ಬಿ ಒಡೆದು ಯಂತ್ರ ತಂದ. ಭತ್ತ ಒಣಗಿದೆ ಎಂದಿತು ಯಂತ್ರ. ಬೇರೆ ಚೀಲ ಬಿಚ್ಚಿದರು, ಅದೂ ಒಣಗಿತ್ತು. ಹಮಾಲರಲ್ಲಿ ಯಾರೋ ನಕ್ಕರು. ಮಾವ ಹೆಗಲ ಮೇಲಿನ ಟವೆಲ್ ಕೊಡವಿ ಮನೆಗೆ ಬಂದವರು ಮತ್ತೆ ಅತ್ತ ಹೋಗಿರಲಿಲ್ಲ.

"ವಯಸ್ಸಾತು ಅಳಿಯಾ" ಎಂದರು ಮಾವ. "ಬಾಯಾಗಿನ ಸುದ್ದಿ ತಲಿಗೆ ಮುಟ್ಟವಲ್ದು. ಎಲ್ಲಾ ಹಸಿನೇ ಅನಸ್ತದ."

ಬಾಯಿ ತೆರೆಯಿರಿ ಎಂದೆ. ಫೋನಿನ ಬೆಳಕು ಬಿಟ್ಟು ನೋಡಿದೆ. ನಾನು ಕೊಟ್ಟ ಟೋಪಿಯ ನಡುವೆ, ಸರಿಯಾಗಿ ಅವರು ಕಾಳಿಡುವ ಜಾಗದಲ್ಲಿ, ಒಂದು ಕುಳಿ ಬಿದ್ದಿತ್ತು. ಹೊಳಪು ಹೋಗಿ ಸುತ್ತ ಸಣ್ಣ ಚುಕ್ಕೆಗಳೆದ್ದಿದ್ದವು. ಕಾಳು ಆ ಕುಳಿಯಲ್ಲಿ ಕೂತು, ಮೆತ್ತನೆಯ ರೆಸಿನ್ನಿಗೆ ಒತ್ತಿಕೊಂಡು ಮುರಿಯುತ್ತಿತ್ತು. ಕಟ್ಟೆನ್ನುವುದು ದವಡೆಗೆ ಎಲ್ಲಿಂದ ಮುಟ್ಟಬೇಕು? ಮಾವನ ಬಾಯಿ ಸರಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ಗೊಂಬೆ.

ಆಗಲೇ ಹೇಳಬೇಕಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಪಕ್ಕದ ಮನೆಯವರು ಇಣುಕುತ್ತಿದ್ದರು. ನಾನು, "ಸ್ವಲ್ಪ ಪಾಲಿಶ್ ಮಾಡ್ಬೇಕ್ರಿ ಮಾವಾ, ನಾಳಿ ರಾಯಚೂರಿಗೆ ಬರ್ರಿ" ಎಂದೆ. ಊರಿನ ಡಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿ ಬೈಯುವ ನನ್ನ ಬಾಯಿಂದ ಆ ಹೊತ್ತಿಗೆ ಬಂದದ್ದು ಪಾಲಿಶ್ ಎಂಬ ಶಬ್ದ. ಆ ಹೇಡಿತನವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಾವ ಬಂದರು. ಮೇಜಿನ ಮೇಲೆ ನನ್ನ ಸಾಮಾನೆಲ್ಲ ಹರಡಿತ್ತು: ಜಿರ್ಕೋನಿಯಾದ ಬಿಲ್ಲೆ, ಸುಟ್ಟು ಮುಗಿದ ಹಲ್ಲುಗಳು, ಭಟ್ಟಿಗೆ ಹೋಗುವ ತನಕ ನೇರಳೆ ಬಣ್ಣವಿರುವ ಗಾಜಿನಂಥ ಸೆರಾಮಿಕ್ ತುಂಡುಗಳು, ಹಳೇ ಕಾಲದ ಲೋಹದ ಟೋಪಿಗಳು, ಮತ್ತು ಆ ಬಾಟಲಿ. ಸರಕು ಕಂಡರೆ ಅವರಿಗೆ ಸುಮ್ಮನಿರಲು ಬರುವುದಿಲ್ಲ. ಒಂದೊಂದನ್ನೇ ಎತ್ತಿ ತೂಗಿ ನೋಡಿದರು, ಉಗುರಿನಿಂದ ಗೀರಿದರು, ಮೇಜಿಗೆ ಕುಟ್ಟಿ ಕಿವಿಗೊಟ್ಟರು. ಸೆರಾಮಿಕ್ ಹಲ್ಲನ್ನು ಬೆಳಕಿಗೆ ಹಿಡಿದು, "ಇದು ಚಂದ ಅದ. ಮುಂದಿನ ಹಲ್ಲಿಗೆ ಏನು?" ಎಂದರು. ಹೌದೆಂದೆ. ಆಮೇಲೆ ಜಿರ್ಕೋನಿಯಾ ಹಲ್ಲನ್ನು ಬೆರಳ ನಡುವೆ ತಿರುಗಿಸುತ್ತ ಕೇಳಿದರು:

"ಇದರಾಗ ಕಚ್ಚಿದ್ರ ಸವೆಯೋದು ಯಾವುದು, ಇದೋ, ಇದರ ಎದುರಿನ ನನ್ನ ಹಲ್ಲೋ?"

ಹದಿನೆಂಟು ವರ್ಷದಲ್ಲಿ ಒಬ್ಬ ಡಾಕ್ಟರೂ ನನಗೆ ಈ ಪ್ರಶ್ನೆ ಕೇಳಿಲ್ಲ. ವಸ್ತು ಆರಿಸುವುದೆಂದರೆ ಮುಕ್ಕಾಲು ಪಾಲು ಇದೊಂದೇ ಪ್ರಶ್ನೆ. ಜಿರ್ಕೋನಿಯಾ ಸವೆಯುವುದಿಲ್ಲ, ಒರಟಾಗಿ ಬಿಟ್ಟರೆ ಎದುರಿನ ಹಲ್ಲನ್ನು ತಿನ್ನುತ್ತದೆ, ಕನ್ನಡಿಯಂತಾಗುವ ತನಕ ತಿಕ್ಕಿದರೆ ಯಾರ ತಂಟೆಗೂ ಹೋಗುವುದಿಲ್ಲ ಎಂದು ಹೇಳಿದೆ. ಲೋಹ ಎದುರಿನ ಹಲ್ಲಿಗೆ ಇನ್ನೂ ಮೆದು, ಆದರೆ ಕಪ್ಪು ಕಾಣುತ್ತದೆ ಎಂದೆ.

"ನನಗ ಹಾಕಿದ್ದು ಇದರಾಗ ಯಾವುದು?"

ಬಾಟಲಿ ತೋರಿಸಿದೆ.

"ಇದು ಸವೀತದಾ?"

"ಸವೀತದ್ರೀ."

"ಹಾಕೋವಾಗ ನಿನಗ ಗೊತ್ತಿತ್ತೇನು?"

ಗೊತ್ತಿತ್ತು ಎಂದೆ. ಯಾಕೆ ಹಾಕಿದೆ ಎಂಬುದನ್ನೂ ಹೇಳಿದೆ, ದೋಸೆಯ ಮಾತಿನ ತನಕ. ಅವರು ಕೆನ್ನೆಗೊಂದು ಬಿಗಿದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಜಿರ್ಕೋನಿಯಾ ಹಲ್ಲನ್ನು ಮೇಜಿನ ಮೇಲಿಟ್ಟು, "ಹಂಗಾದ್ರ ಆ ಹೆಣ್ಮಗಳಿಗಿಂತ ಮೊದಲು ಬಂದೋರ ನೆಲ್ಲೂ ಒಣಗಿತ್ತು" ಎಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಗಬ್ಬೂರಿನವಳು ಜಗಳವಾಡಿ ತನ್ನ ತೂಕ ಉಳಿಸಿಕೊಂಡಳು. ಅದಕ್ಕೂ ಮೊದಲು, ದಿನದಿನಕ್ಕೆ ಕುಳಿ ಆಳವಾಗುತ್ತಿದ್ದಾಗ, ಮಾವ ಹಸಿ ಎಂದರೆ ಹಸಿ ಎಂದು ತಲೆಯಾಡಿಸಿ ಕಡಿತ ಒಪ್ಪಿಕೊಂಡು ಹೋದವರೆಲ್ಲ ಅವರನ್ನು ನಂಬಿದವರು.

ಆ ವಾರ ಜಿರ್ಕೋನಿಯಾದಲ್ಲಿ ಹೊಸ ಟೋಪಿ ಕೆತ್ತಿದೆ, ಸುಟ್ಟೆ, ಬೆರಳು ಜೋಮು ಹಿಡಿಯುವ ತನಕ ತಿಕ್ಕಿದೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. "ನನ್ನ ಚೀಟಿ ನೀವು ಓದಂಗಿಲ್ಲ ಅಂದ್ರ ನಾ ಯಾಕ ಬರೀಬೇಕ್ರಿ?" ಎಂದಷ್ಟೇ ಹೇಳಿ ಇಟ್ಟರು. ಮಾನ್ವಿಯ ದವಾಖಾನೆಯಲ್ಲಿ ಆಕೆ ಟೋಪಿ ಕೂರಿಸಿದ ಮೇಲೆ ಮಾವ ಅಲ್ಲಿಯೇ ಕುರ್ಚಿಯಲ್ಲಿ ಕೂತು, ಅಂಗಿಯ ಜೇಬಿನಿಂದ ನಾಲ್ಕು ಕಾಳು ತೆಗೆದು ಕಚ್ಚಿದರು. ಕಣ್ಣು ಮುಚ್ಚಿಯೇ, "ಬಂತು" ಎಂದರು.

ಅಲ್ಲಿಗೆ ನಾನು ಪಾರಾದೆ ಎಂದುಕೊಂಡಿದ್ದೆ. ಮಾವ ಬಿಡಲಿಲ್ಲ. ಮಿಲ್ಲಿನಲ್ಲಿ ಹಟ ಹಿಡಿದು ಆ ಎರಡು ತಿಂಗಳ ಕಡಿತವನ್ನೆಲ್ಲ ವಾಪಸು ಕೊಡಿಸಿದರು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ಮಸರಕಲ್ಲಿನ ಒಬ್ಬ ರೈತ ಅವರ ತಲೆಯಲ್ಲಿ ಕೂತುಬಿಟ್ಟಿದ್ದ. ಇಪ್ಪತ್ತು ವರ್ಷದಿಂದ ಭತ್ತ ತರುವವನು, ಒಂದು ದಿನವೂ ಮರುಮಾತಾಡದವನು. "ಬಾ, ಅವನ ಮುಂದ ನೀನ ಹೇಳು" ಎಂದು ನನ್ನನ್ನು ಬಸ್ಸಿಗೆ ಹತ್ತಿಸಿದರು.

ಆ ರೈತ ನಮ್ಮನ್ನು ಕಂಡು ಗಾಬರಿಯಾದ. ಕಂಬಳಿ ಹಾಸಿದ, ನೀರು ಕೊಟ್ಟ. ನಾನು ರೆಸಿನ್, ಜಿರ್ಕೋನಿಯಾ ಎಂದು ಶುರು ಮಾಡಿ ಅವನ ಮುಖ ನೋಡಿ ನಿಲ್ಲಿಸಿದೆ. "ಇವರಿಗೆ ನಾನು ಕಳಪೆ ಹಲ್ಲು ಹಾಕಿದ್ದೆ. ಅದಕ್ಕ ನಿಮ್ಮ ನೆಲ್ಲು ಹಸಿ ಅಂದ್ರು. ತಪ್ಪು ನಂದು" ಎಂದೆ. ಮೂರೇ ವಾಕ್ಯ. ಬಾಟಲಿಯ ಮೇಲಿನ ಬರಹ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಅವನು ಮಾವನ ಕಡೆ ತಿರುಗಿದ. "ಒಣಗಿತ್ತು ಅಂತ ನನಗ ಗೊತ್ತಿತ್ರೀ ಯಜಮಾನ್ರ. ನಾನೂ ಮನ್ಯಾಗ ಕಚ್ಚಿ ನೋಡಿಕೊಂಡೇ ಬಂದಿದ್ದೆ. ನೀವು ಹಸಿ ಅಂದಮ್ಯಾಲೆ, ನನ್ನ ಬಾಯೇ ತಪ್ಪಿರಬೇಕು ಅಂತ ಸುಮ್ಮನಾದೆ."

ಮಾವ ತಲೆ ತಗ್ಗಿಸಿದರು. ಆಮೇಲೆ ಅವನು ರೊಟ್ಟಿ, ಪುಂಡಿಪಲ್ಯ ತರಿಸಿ ಬಲವಂತ ಮಾಡಿ ಉಣ್ಣಿಸಿದ. ಇಂಥ ಸಣ್ಣದಕ್ಕೆ ಇಷ್ಟು ದೂರ ಬರುವುದಾ ಎಂದು ನಮ್ಮನ್ನೇ ಬೈದ. ಬಸ್ ಸ್ಟ್ಯಾಂಡಿನ ತನಕ ಬಂದು ಕಳಿಸಿದ. ವಾಪಸು ಬರುವಾಗ ಮಾವ ಕಿಟಕಿಗೆ ತಲೆಕೊಟ್ಟು ನಿದ್ದೆ ಹೋದಂತೆ ಮಾಡಿದರು.

ಬೇಸಿಗೆ ಬೆಳೆಯ ಹೊತ್ತಿಗೆ ಮಾವ ಮತ್ತೆ ಮಿಲ್ಲಿಗೆ ಹೋಗತೊಡಗಿದರು. ಸಾಹುಕಾರರ ಮಗ ಕಾಲಿಗೆ ನಮಸ್ಕಾರ ಮಾಡಿ ಬರಮಾಡಿಕೊಂಡನಂತೆ. ಆದರೆ ಯಂತ್ರ ಡಬ್ಬಿಗೆ ವಾಪಸು ಹೋಗಲಿಲ್ಲ, ಅವರ ಪಕ್ಕದ ಮೇಜಿನ ಮೇಲೇ ಉಳಿಯಿತು. ಮಾವ ಕಚ್ಚಿ ಹೇಳಿದ ಮೇಲೆ ಅವನು ಅದೇ ಚೀಲದ ಒಂದು ಹಿಡಿ ಯಂತ್ರಕ್ಕೆ ಹಾಕುತ್ತಾನೆ. ಇಬ್ಬರೂ ಹೇಳುವುದು ಒಂದೇ. "ಕಾಕಾ, ಪಾಸ್!" ಎಂದು ಅವನು ನಗುತ್ತಾನೆ. ನಾನು ತಿಕ್ಕಿದ ಹಲ್ಲು ಇಂದಿನವರೆಗೆ ಒಂದು ಸಲವೂ ತಪ್ಪಿಲ್ಲ.

ಟೋಪಿ ಹೇಗಿದೆಯೆಂದು ನೋಡಲು ಒಂದು ಮಧ್ಯಾಹ್ನ ನಾನೂ ಮಿಲ್ಲಿಗೆ ಹೋಗಿದ್ದೆ. ಆಗ ಮಸರಕಲ್ಲಿನ ಅದೇ ರೈತ ಭತ್ತ ತಂದ. ನಮ್ಮಿಬ್ಬರನ್ನೂ ಕಂಡು ಖುಷಿಯಿಂದ ಕೈಮುಗಿದ, ಮನೆಯವರೆಲ್ಲ ಹೇಗಿದ್ದಾರೆಂದು ಕೇಳಿದ. ಮಾವ ಚೀಲದ ತಳಕ್ಕೆ ಕೈಹಾಕಿ, ತಿಕ್ಕಿ, ಊದಿ, ಕಣ್ಣು ಮುಚ್ಚಿ ಕಚ್ಚಿದರು. ಕಟ್ಟೆಂದದ್ದು ನನಗೂ ಕೇಳಿಸಿತು. "ಒಣಗೇದ" ಎಂದರು. ರೈತ ಹೌದ್ರೀ ಎಂದು ತಲೆಯಾಡಿಸಿದ, ಆದರೆ ಚೀಲದ ಬಾಯಿ ಕಟ್ಟಲು ಬಗ್ಗಲಿಲ್ಲ. ಮೇಜಿನ ಮೇಲಿದ್ದ ಯಂತ್ರದ ಕಡೆ ನೋಡುತ್ತ ನಿಂತ. ಮಾವನೂ ಅತ್ತಲೇ ನೋಡುತ್ತಿದ್ದರು.